ಸೈಜ್ ಲೇಬಲ್ ಮೇಲೆ ಸೆಂಟಿಮೀಟರ್ ಬರೆಯಿರಿ: ಉಡುಪು ತಯಾರಕರಿಗೆ, ಮಾರಾಟಗಾರರಿಗೆ, ಮಾನದಂಡ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೆಂಗಸರ ಸಿದ್ಧ ಉಡುಪಿನ ಒಳಗೆ, ಕತ್ತಿನ ಹಿಂಭಾಗದಲ್ಲೋ ಸೊಂಟಪಟ್ಟಿಯಲ್ಲೋ ಹೊಲಿದಿರುವ ಸಣ್ಣ ಸೈಜ್ ಲೇಬಲ್ ಬಗ್ಗೆ ಈ ಪತ್ರ ಬರೆಯುತ್ತಿದ್ದೇವೆ. ನಾವು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ ಬರೆಯುವವರು, ಗ್ರೇಡಿಂಗ್, ಅಂದರೆ ಒಂದು ಸೈಜಿನ ನಕ್ಷೆಯನ್ನು ಬೇರೆ ಸೈಜುಗಳಿಗೆ ಹಿಗ್ಗಿಸುವ, ಕುಗ್ಗಿಸುವ ಕೆಲಸ ಮಾಡುವವರು, ಹೊಲಿದು ಬಂದ ಉಡುಪನ್ನು ಟೇಪು ಹಿಡಿದು ತಪಾಸಣೆ ಮಾಡುವವರು. ನಮ್ಮ ಬೇಡಿಕೆ ಒಂದೇ. ಉಡುಪನ್ನು ಎಷ್ಟು ಎದೆ, ಎಷ್ಟು ಸೊಂಟ, ಎಷ್ಟು ಸೀಟಿನ ಮೈಗೆಂದು ಹೊಲಿದಿದ್ದೀರೋ ಅದನ್ನು ಸೆಂಟಿಮೀಟರಿನಲ್ಲಿ ಲೇಬಲ್ ಮೇಲೆ ಅಚ್ಚು ಹಾಕಿ. ಸೀಟು ಎಂದರೆ ಪೃಷ್ಠದ ಅತಿ ಅಗಲವಾದ ಜಾಗದ ಸುತ್ತಳತೆ. ದರ್ಜಿಗಳು ಆಡುವ ಮಾತನ್ನೇ ಇಲ್ಲಿ ಬಳಸುತ್ತೇವೆ.

ಈಗ ಆ ಲೇಬಲ್ ಮೇಲೆ 8 ಎಂದೋ 12 ಎಂದೋ, ಎಂ ಎಂದೋ ಎಕ್ಸ್‌ಎಲ್ ಎಂದೋ ಇರುತ್ತದೆ. ಗಂಡಸರ ಶರ್ಟಿಗೆ ಕಾಲರಿನ ಅಳತೆ ಬರೆಯುತ್ತೀರಿ, ಪ್ಯಾಂಟಿಗೆ ಸೊಂಟದ ಇಂಚು ಮತ್ತು ಕಾಲಿನ ಒಳ ಉದ್ದ ಬರೆಯುತ್ತೀರಿ. ಮಕ್ಕಳ ಬಟ್ಟೆಯನ್ನು ಎಷ್ಟೋ ಕಂಪನಿಗಳು ಎತ್ತರದ ಲೆಕ್ಕದಲ್ಲೇ ಮಾರುತ್ತವೆ: 104, 110, 116, ಹೀಗೆ ಆರಾರು ಸೆಂಟಿಮೀಟರಿನ ಮೆಟ್ಟಿಲು. ಹುಡುಗಿ ಹದಿಮೂರು ಹದಿನಾಲ್ಕು ದಾಟಿ ಹೆಂಗಸರ ವಿಭಾಗಕ್ಕೆ ಕಾಲಿಟ್ಟ ಕೂಡಲೇ ಈ ಲೆಕ್ಕವೆಲ್ಲ ಮಾಯವಾಗಿ, ಯಾವ ಮಾನಕ್ಕೂ ಸೇರದ ಒಂದು ಅಂಕಿ ಕೈಗೆ ಬರುತ್ತದೆ. ಅದು ಇಂಚಲ್ಲ, ಸೆಂಟಿಮೀಟರಲ್ಲ, ಕಿಲೋ ಅಲ್ಲ. ಟೇಪು ಹಿಡಿದು ಅದು ಸರಿಯೋ ತಪ್ಪೋ ಎಂದು ನೋಡುವ ದಾರಿಯೇ ಇಲ್ಲ. ತಪ್ಪೆಂದು ತೋರಿಸಲಾಗದ ಅಂಕಿಯನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಜರುಗಿಸಬಹುದು, ಜರುಗಿಸಿಯೂ ಇದ್ದಾರೆ.

ಅಮೆರಿಕದ ಸಿಯರ್ಸ್ ಕಂಪನಿಯ 1937ರ ಕ್ಯಾಟಲಾಗಿನಲ್ಲಿ 32 ಇಂಚು, ಅಂದರೆ ಸುಮಾರು 81 ಸೆಂ.ಮೀ. ಎದೆಯ ಉಡುಪು 14ನೇ ಸೈಜು. 1967ರ ಹೊತ್ತಿಗೆ ಅದೇ 32 ಇಂಚಿನ ಎದೆ 8ನೇ ಸೈಜಾಗಿತ್ತು. 2011ರಲ್ಲಿ ಅದು ಸೊನ್ನೆಗೆ ಬಂದು ನಿಂತಿತು. ಇಲ್ಲಿ ಎದೆ ಬದಲಾಗಿಲ್ಲ, ಟೇಪೂ ಬದಲಾಗಿಲ್ಲ, ಹೆಸರು ಮಾತ್ರ ಬದಲಾಗಿದೆ. ಸೊನ್ನೆಯೂ ಸಾಲದೆ ಕೆಲವರು ಎರಡು ಸೊನ್ನೆಯ ಸೈಜನ್ನೂ ತಂದರು. ಬಟ್ಟೆಯನ್ನು ದೊಡ್ಡದು ಮಾಡಿ ಸೈಜಿನ ಅಂಕಿಯನ್ನು ಚಿಕ್ಕದಾಗಿಯೇ ಉಳಿಸುವ ಈ ಪದ್ಧತಿಗೆ ಉದ್ಯಮದಲ್ಲಿ ವ್ಯಾನಿಟಿ ಸೈಜಿಂಗ್ ಎನ್ನುತ್ತಾರೆ. ವ್ಯಾನಿಟಿ ಎಂದರೆ ರೂಪದ ಬಗೆಗಿನ ಒಣಹೆಮ್ಮೆ. ಆ ಹೆಸರಿನಲ್ಲೇ ತಪ್ಪನ್ನು ಹೆಂಗಸರ ತಲೆಗೆ ಕಟ್ಟಿದ್ದಾರೆ. ಒಡವೆಯಂತೆ ಚಿಕ್ಕ ಅಂಕಿ ಕೊಡಿ ಎಂದು ಯಾವ ಹೆಂಗಸೂ ಕಾರ್ಖಾನೆಗೆ ಬಂದು ಕೇಳಿರಲಿಲ್ಲ.

ಇದು ನಡೆಯುವ ಬಗೆ ನಿಮಗೆ ಗೊತ್ತೇ ಇದೆ. ಓದುವ ಸಾರ್ವಜನಿಕರಿಗೂ ಗೊತ್ತಾಗಲಿ ಎಂದು ಬಿಡಿಸಿ ಹೇಳುತ್ತೇವೆ. ಒಂದು ಕಂಪನಿಯ ಎಂ ಸೈಜಿನ ಪ್ಯಾಂಟು 76 ಸೆಂ.ಮೀ. ಸೊಂಟಕ್ಕೆಂದು ಮಾಡಿದ್ದು ಎಂದಿಟ್ಟುಕೊಳ್ಳಿ. ಸೊಂಟ ಟೈಟು ಎಂದು ಒಂದಷ್ಟು ಪ್ಯಾಂಟು ವಾಪಸ್ ಬರುತ್ತವೆ. 78 ಸೊಂಟದವರು ಎಲ್ ತೆಗೆದುಕೊಳ್ಳಬೇಕೆಂದು ಸೈಜ್ ಚಾರ್ಟಿನಲ್ಲಿ ಸ್ಪಷ್ಟಪಡಿಸುವುದು ಒಂದು ದಾರಿ. ಪ್ಯಾಟರ್ನಿಗೆ ಒಂದು ಸೆಂಟಿಮೀಟರ್ ಸೇರಿಸಿ ಲೇಬಲನ್ನು ಹಾಗೇ ಬಿಡುವುದು ಇನ್ನೊಂದು. ಎರಡನೆಯದು ಸುಲಭ, ಮಾರಾಟ ವಿಭಾಗಕ್ಕೂ ಖುಷಿ. ಮುಂದಿನ ಸೀಸನ್ನಿಗೆ ಕುಳಿತಾಗ ಮೈ ಅಳತೆಯ ಕೋಷ್ಟಕವನ್ನು ಯಾರೂ ತೆರೆಯುವುದಿಲ್ಲ. ಹೋದ ಸಲ ಒಪ್ಪಿಗೆಯಾದ ಸ್ಯಾಂಪಲನ್ನೇ ಮುಂದಿಟ್ಟುಕೊಂಡು ಹೊಸ ಪ್ಯಾಟರ್ನ್ ಎಳೆಯುತ್ತಾರೆ. ಅಷ್ಟರಲ್ಲಿ ಫಿಟ್ಟಿಂಗ್ ನೋಡಲು ಬರುವ ಮಾಡೆಲ್ ಬದಲಾಗಿ, ಹೊಸಬಳ ಸೊಂಟ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ಇನ್ನೊಂದು ಸೆಂಟಿಮೀಟರ್ ಸೇರುತ್ತದೆ. ನಾಲ್ಕು ಸೀಸನ್ನಿನಲ್ಲಿ ನಾಲ್ಕು ಸೆಂಟಿಮೀಟರ್ ಆಯಿತೆಂದರೆ ಒಂದು ಇಡೀ ಸೈಜ್ ಜರುಗಿದಂತೆ. ಯಾವ ಸಭೆಯಲ್ಲೂ ತೀರ್ಮಾನವಾಗಿರುವುದಿಲ್ಲ, ಯಾವ ಕಡತದಲ್ಲೂ ದಾಖಲೆ ಇರುವುದಿಲ್ಲ. ಲೇಬಲ್ ಮೇಲೆ ಸೊಂಟ 76 ಎಂದು ಅಚ್ಚಾಗಿದ್ದಿದ್ದರೆ ತಪಾಸಣೆಯ ಮೇಜಿನಲ್ಲೇ ಇದು ಸಿಕ್ಕಿಬೀಳುತ್ತಿತ್ತು.

ಎಲ್ಲ ಕಂಪನಿಗಳೂ ಒಂದೇ ದಿಕ್ಕಿಗೆ ಜರುಗಿದ್ದಿದ್ದರೂ ಅಷ್ಟು ಹಾನಿ ಆಗುತ್ತಿರಲಿಲ್ಲವೇನೋ. ಒಬ್ಬರು ಹೀಗೆ ಹಿಗ್ಗಿಸುತ್ತಾರೆ. ಎಳೆಯ ಹುಡುಗಿಯರಿಗೆ ಮಾರುವ ಇನ್ನೊಬ್ಬರು ಅದೇ ಅಕ್ಷರವನ್ನು ಚಿಕ್ಕ ಮೈಗೆ ಇಡುತ್ತಾರೆ. ಹಾಗಾಗಿ ಒಂದು ಕಡೆ ಎಂ ಲೂಸಾಗಿ ಕೂತ ಮೈಗೆ ಇನ್ನೊಂದು ಕಡೆ ಎಕ್ಸ್‌ಎಲ್ ಏರುವುದಿಲ್ಲ. ಅರ್ಧ ಗಂಟೆಯಲ್ಲಿ ಮೈ ಬದಲಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಟ್ರಯಲ್ ರೂಮಿನಲ್ಲಿ ಗುಂಡಿ ಹಾಕಲಾಗದೆ ನಿಂತವಳು ದೂರುವುದು ತನ್ನ ಹೊಟ್ಟೆಯನ್ನು, ತನ್ನ ತೊಡೆಯನ್ನು. ಮೊದಲ ಅಂಗಡಿ ಮಾಡಿದ ಹೊಗಳಿಕೆ ಎರಡನೆಯ ಅಂಗಡಿಯಲ್ಲಿ ಅವಮಾನವಾಗುವುದು ಹೀಗೆ.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ಚಿಕ್ಕ ಸೈಜಿನ ಲೇಬಲ್ ಕಂಡಾಗ ಕೊಳ್ಳುವವರ ಮನಸ್ಸಿನಲ್ಲಿ ತಮ್ಮ ಬಗ್ಗೆ ಒಳ್ಳೆಯ ಚಿತ್ರ ಮೂಡುತ್ತದೆ ಎಂದು ಜರ್ನಲ್ ಆಫ್ ಕನ್ಸ್ಯೂಮರ್ ಸೈಕಾಲಜಿಯಲ್ಲಿ 2012ರಲ್ಲಿ ಬಂದ ಸಂಶೋಧನೆ ತೋರಿಸಿತು. ಮಾರಾಟ ವಿಭಾಗದವರು ಹಿಡಿದುಕೊಂಡಿರುವುದು ಇದನ್ನೇ. ಅದೇ ಪತ್ರಿಕೆಯಲ್ಲಿ 2014ರಲ್ಲಿ ಬಂದ ಇನ್ನೊಂದು ಸಂಶೋಧನೆ ಇದರ ಮತ್ತೊಂದು ಮಗ್ಗುಲನ್ನು ನೋಡಿತು. ತಾವು ಅಂದುಕೊಂಡದ್ದಕ್ಕಿಂತ ದೊಡ್ಡ ಸೈಜ್ ಬೇಕಾಗಿ ಬಂದಾಗ ರೂಪದ ಬಗೆಗಿನ ಆತ್ಮವಿಶ್ವಾಸಕ್ಕೆ ಪೆಟ್ಟು ಬೀಳುತ್ತದೆ, ಆ ಉಡುಪೇ ಬೇಡವೆನಿಸುತ್ತದೆ, ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಸೈಜಿನ ಗೊಡವೆಯಿಲ್ಲದ ಬೇರೆ ಅಲಂಕಾರದ ಸಾಮಾನಿನತ್ತ ಕೈ ಹೋಗುತ್ತದೆ ಎಂದು ಅದು ಕಂಡುಕೊಂಡಿತು. ಎರಡನ್ನೂ ಒಟ್ಟಿಗೆ ಓದಿ. ಚಿಕ್ಕ ಅಂಕಿಗೆ ಮನಸ್ಸನ್ನು ಅರಳಿಸುವ ಬಲ ಇರುವುದೇ ದೊಡ್ಡ ಅಂಕಿಗೆ ಅದನ್ನು ಮುದುಡಿಸುವ ಬಲ ಇರುವುದರಿಂದ. ಒಂದನ್ನು ಬಳಸಿಕೊಂಡವರು ಇನ್ನೊಂದರ ಹೊಣೆಯನ್ನೂ ಹೊರಬೇಕು.

ಈ ಹೊಣೆ ಹಗುರವಾದದ್ದಲ್ಲ. ಬೆಳೆಯುವ ಹುಡುಗಿಯ ಸೀಟು, ತೊಡೆ, ಎದೆ ಒಂದೆರಡು ವರ್ಷದಲ್ಲಿ ಎರಡು ಮೂರು ಸೈಜ್ ದಾಟುವುದು ಆರೋಗ್ಯದ ಲಕ್ಷಣ. ಅದೇ ವಯಸ್ಸಿನಲ್ಲಿ ಅವಳ ಕೈಗೆ ಸಿಗುವುದು ಅಂಗಡಿಗೊಂದು ಅರ್ಥವಿರುವ ಅಂಕಿ. ಗೆಳತಿಯರು ಪರಸ್ಪರ ಸೈಜ್ ಕೇಳಿಕೊಳ್ಳುತ್ತಾರೆ, ಹೋಲಿಸಿಕೊಳ್ಳುತ್ತಾರೆ. ಊಟ ಬಿಟ್ಟು ಆ ಅಂಕಿಗೆ ಇಳಿಯಬೇಕೆಂದು ಹಟ ಹಿಡಿಯುವವರಿದ್ದಾರೆ. ಏರದ ಪ್ಯಾಂಟನ್ನು ಗುರಿಯೆಂದು ಕಪಾಟಿನಲ್ಲಿ ತೂಗುಹಾಕಿ ದಿನವೂ ನೋಡಿ ನೋಯುವವರಿದ್ದಾರೆ. ಊಟದ ವಿಷಯದಲ್ಲಿ ಮನಸ್ಸು ಕಾಯಿಲೆಬಿದ್ದು ಚೇತರಿಸಿಕೊಳ್ಳುತ್ತಿರುವವರಿಗೆ, ಮನೆಗೆ ತಂದ ಬಟ್ಟೆಯ ಸೈಜ್ ಲೇಬಲನ್ನು ಮೊದಲು ಕತ್ತರಿಸಿ ಎಸೆಯಿರಿ ಎಂದು ಸಲಹೆ ಕೊಡುವುದುಂಟು. ಮದ್ದಿನ ಭಾಗವಾಗಿ ಕತ್ತರಿಸಿ ಎಸೆಯಬೇಕಾದ ವಸ್ತುವನ್ನು ನಾವು ಕಾರ್ಖಾನೆಯಲ್ಲಿ ಹೊಲಿದು ಕಳಿಸುತ್ತಿದ್ದೇವೆ.

ಇನ್ನು ಕೋಷ್ಟಕಗಳ ಮಾತು. ಹೆಚ್ಚು ಕೆಡುಕು ಅಡಗಿರುವುದು ಇಲ್ಲಿ, ಕಡಿಮೆ ಚರ್ಚೆಯಾಗುವುದೂ ಇಲ್ಲಿನದೇ.

ಹೆಂಗಸರ ಮೈ ಅಳತೆಯ ಮೊದಲ ದೊಡ್ಡ ಸಮೀಕ್ಷೆ ಅಮೆರಿಕದಲ್ಲಿ 1939–40ರಲ್ಲಿ ನಡೆಯಿತು. ಅಲ್ಲಿನ ಕೃಷಿ ಇಲಾಖೆಯ ಪರವಾಗಿ ರೂತ್ ಓಬ್ರಯನ್ ಮತ್ತು ವಿಲಿಯಂ ಶೆಲ್ಟನ್ ನಡೆಸಿದ ಈ ಕೆಲಸದಲ್ಲಿ ಸುಮಾರು 15,000 ಮಹಿಳೆಯರಿಂದ ತಲಾ 59 ಅಳತೆ ತೆಗೆದುಕೊಂಡರು. 1941ರಲ್ಲಿ ಫಲಿತಾಂಶ ಅಚ್ಚಾಯಿತು. ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಮಹಿಳೆಯರ ಅಳತೆಯನ್ನು ಮಾತ್ರ. ಈ ಅಡಿಪಾಯದ ಮೇಲೆ 1958ರಲ್ಲಿ ಒಂದು ಮಾನದಂಡ ಬಂತು, 1970ರಲ್ಲಿ ಪರಿಷ್ಕರಣೆಯಾಯಿತು, 1983ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಲ್ಲಿಂದ ಮುಂದೆ ಯಾರ ಕೋಷ್ಟಕ ಅವರದು.

1995ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂ ಹೊರತಂದ ಸ್ವಯಂಪ್ರೇರಿತ ಕೋಷ್ಟಕವನ್ನೇ ತೆಗೆದುಕೊಳ್ಳಿ. 2ನೇ ಸೈಜಿಗೆ ಸೊಂಟ 24 ಇಂಚು, ಸೀಟು 34.5. 8ನೇ ಸೈಜಿಗೆ 27 ಮತ್ತು 37.5. 16ಕ್ಕೆ 32.5 ಮತ್ತು 43. 20ಕ್ಕೆ 36.5 ಮತ್ತು 47. ಪ್ರತಿ ಸಾಲಿನಲ್ಲೂ ಸೀಟಿನಿಂದ ಸೊಂಟ ಕಳೆದು ನೋಡಿ: ಎಲ್ಲದರಲ್ಲೂ 10.5 ಇಂಚು. ತೆಳ್ಳನೆಯವಳಿಗೂ ತುಂಬಿದ ಮೈಯವಳಿಗೂ ಸೊಂಟಕ್ಕೂ ಸೀಟಿಗೂ ನಡುವೆ ಅದೇ ಸುಮಾರು 27 ಸೆಂ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಆ ಕೋಷ್ಟಕ ನಂಬಿದೆ. 2005ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 6,000ಕ್ಕೂ ಹೆಚ್ಚು ಮಹಿಳೆಯರ ದೇಹದ ಆಕಾರವನ್ನು ವಿಂಗಡಿಸಿದಾಗ, ನಡುವೆ ಹೀಗೆ ಒಳಕ್ಕೆ ಸರಿದ ಆಕಾರ ಸಿಕ್ಕಿದ್ದು ನೂರಕ್ಕೆ 8 ಜನರಲ್ಲಿ. ಸುಮಾರು 46 ಜನರದು ಮೇಲಿಂದ ಕೆಳಗೆ ಹೆಚ್ಚು ಏರಿಳಿತವಿಲ್ಲದ ನೇರ ಆಕಾರ.

ಆರು ಇಂಚಿನ ವ್ಯತ್ಯಾಸವಿರುವ ಮೈಯವಳು ಇಂಥ ಕೋಷ್ಟಕದ ಪ್ಯಾಂಟು ಕೊಳ್ಳಲು ಹೋದರೆ ಏನಾಗುತ್ತದೆ ನೋಡಿ. ಸೀಟಿಗೆ ಸರಿಯಾದದ್ದು ಸೊಂಟಕ್ಕೆ ಏರುವುದಿಲ್ಲ. ಸೊಂಟಕ್ಕೆ ಸರಿಯಾದದ್ದು ಸೀಟಿನಲ್ಲಿ ಜೋಲುತ್ತದೆ, ಕಾಲಿನ ನಡುವೆ ಬಟ್ಟೆ ಗುಡ್ಡೆಯಾಗುತ್ತದೆ. ಯಾವ ಸೈಜೂ ಅವಳದಲ್ಲ. ಹನ್ನೆರಡು ಇಂಚಿನ ವ್ಯತ್ಯಾಸದವಳಿಗೆ ಇದರ ತಿರುಗುಮುರುಗು: ಸೀಟು ಕೂತರೆ ಸೊಂಟದ ಹಿಂದೆ ಬೊಗಸೆಯಷ್ಟು ಜಾಗ ಬಾಯಿ ಬಿಡುತ್ತದೆ. ಇಬ್ಬರೂ ತಮ್ಮ ಮೈಯೇ ವಕ್ರವಿರಬೇಕು ಎಂದುಕೊಂಡು ಹೊರಬರುತ್ತಾರೆ. ಒಂದೇ ಅಂಕಿಯಲ್ಲಿ ಎದೆ, ಸೊಂಟ, ಸೀಟು ಮೂರನ್ನೂ ತುರುಕಿದ್ದರ ಫಲ ಇದು. ಮೂರು ಅಳತೆಯನ್ನೂ ಬಿಡಿಬಿಡಿಯಾಗಿ ಬರೆದರೆ, ಈ ಉಡುಪು ತನ್ನಂಥ ಆಕಾರಕ್ಕೆ ಹೊಲಿದದ್ದಲ್ಲ ಎಂದು ಅವಳಿಗೆ ಹಾಕಿ ನೋಡುವ ಮೊದಲೇ ಗೊತ್ತಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳದೆ ಮುಂದಿನದನ್ನು ನೋಡುತ್ತಾಳೆ.

ದೊಡ್ಡ ಸೈಜುಗಳಲ್ಲಿ ಆಗುವ ಅನ್ಯಾಯ ಬೇರೆಯೇ ಬಗೆಯದು. ಸ್ಯಾಂಪಲನ್ನು ಸಾಮಾನ್ಯವಾಗಿ ಚಿಕ್ಕ ಸೈಜಿನಲ್ಲಿ ಮಾಡಿ, ಅಲ್ಲಿಂದ ಗ್ರೇಡಿಂಗ್ ನಿಯಮದ ಪ್ರಕಾರ ಮೇಲಕ್ಕೆ ಹಿಗ್ಗಿಸುತ್ತಾರೆ. ಸುತ್ತಳತೆಗೆ 4 ಸೆಂ.ಮೀ. ಕೂಡಬೇಕೆಂದರೆ ಮುಂದಿನ ಅರ್ಧ, ಹಿಂದಿನ ಅರ್ಧ, ಎಡ, ಬಲ ಎಂದು ನಾಲ್ಕು ಪಾಲು ಮಾಡಿ ಪ್ರತಿ ಕಾಲು ಭಾಗಕ್ಕೆ 1 ಸೆಂ.ಮೀ. ಎರಡು ಮೂರು ಸೈಜ್ ಮೇಲಕ್ಕೆ ಹೋಗಲು ಇದು ಸಾಕು. ಏಳೆಂಟು ಸೈಜ್ ಆಚೆಗೆ ಇದೇ ನಿಯಮವನ್ನು ಎಳೆದಾಗ ಉಡುಪು ಕೆಡುತ್ತದೆ. ಎದೆಯ ಸುತ್ತ 30 ಸೆಂ.ಮೀ. ಹೆಚ್ಚಿದವಳ ಭುಜದ ಮೂಳೆ ಅದೇ ಪ್ರಮಾಣದಲ್ಲಿ ಅಗಲವಾಗಿರುವುದಿಲ್ಲ, ಕತ್ತೂ ಅಷ್ಟು ದಪ್ಪವಾಗಿರುವುದಿಲ್ಲ. ಹಾಗಾಗಿ ಭುಜದ ಹೊಲಿಗೆ ತೋಳಿನ ಮೇಲಕ್ಕೆ ಜಾರುತ್ತದೆ, ಕತ್ತು ಅಗಲಿಸುತ್ತದೆ. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಕಂಡಿ ಮಾತ್ರ ಕೆಳಕ್ಕೆ ಇಳಿದು, ಕೈ ಎತ್ತಿದರೆ ಇಡೀ ಟಾಪು ಮೇಲೆದ್ದು ಬರುತ್ತದೆ. ಅಷ್ಟಾದರೂ ಮೇಲ್ದೋಳಿನ ಸುತ್ತಳತೆ ಸಾಲದೆ ತೋಳು ಬಿಗಿಯುತ್ತದೆ. ಮೂಳೆಗಿಂತ ಮಾಂಸ ಹೆಚ್ಚು ಬೆಳೆಯುವ ಜಾಗ ಅದು, ನಿಯಮ ಅಲ್ಲಿಗೆ ಕೊಟ್ಟದ್ದು ಕಡಿಮೆ. ಎದೆ ತುಂಬಿದಷ್ಟೂ ಮುಂಭಾಗದ ಉದ್ದವೂ ಹೆಚ್ಚಬೇಕು, ಡಾರ್ಟ್, ಅಂದರೆ ಉಬ್ಬಿಗೆ ಜಾಗ ಕೊಡಲು ಹೊಲಿಯುವ ಮಡಿಕೆ, ಆಳವಾಗಬೇಕು. ಅದನ್ನು ಮರೆತರೆ ಟಾಪಿನ ಅಂಚು ಮುಂದೆ ಮೇಲಕ್ಕೇರಿ ಹಿಂದೆ ಇಳಿಬೀಳುತ್ತದೆ, ಎದೆಯಿಂದ ಪಕ್ಕದ ಹೊಲಿಗೆಗೆ ಓರೆ ಸುಕ್ಕು ಎಳೆಯುತ್ತದೆ.

ಹಾಕಿಕೊಂಡವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತನ್ನ ತೋಳು ದಪ್ಪ, ತನ್ನ ಮೈಗೆ ಯಾವುದೂ ಒಪ್ಪುವುದಿಲ್ಲ ಎಂದೇ ಅವಳು ಮನಸ್ಸಿಗೆ ತೆಗೆದುಕೊಳ್ಳುತ್ತಾಳೆ. ಕಾರಣ ಗ್ರೇಡಿಂಗ್ ಮೇಜಿನಲ್ಲಿದೆ. ಪರಿಹಾರ ಕಷ್ಟದ್ದೇನಲ್ಲ. ಎದೆ 110 ಸೆಂ.ಮೀ. ಆಸುಪಾಸಿನಿಂದ ಮೇಲಕ್ಕೆ ಬೇರೆಯೇ ಮೂಲ ಪ್ಯಾಟರ್ನ್ ಬರೆಯಿರಿ. ಆ ಅಳತೆಯ ಜೀವಂತ ಮೈಗೆ ತೊಡಿಸಿ, ಕೂರಿಸಿ, ಕೈ ಎತ್ತಿಸಿ, ಬಗ್ಗಿಸಿ ನೋಡಿ. ಬೊಂಬೆಗೆ ತೊಡಿಸಿ ಒಪ್ಪಿಗೆ ಕೊಡಬೇಡಿ. ಎಲ್ಲ ಸೈಜಿಗೂ ಒಂದೇ ಸ್ಯಾಂಪಲ್ ಸಾಕೆನ್ನುವ ಉಳಿತಾಯದ ಬೆಲೆಯನ್ನು ದೊಡ್ಡ ಮೈಯ ಹೆಂಗಸರು ಸಂಕೋಚದ ರೂಪದಲ್ಲಿ ತೆರುತ್ತಿದ್ದಾರೆ.

ಒಂದೇ ಕಂಪನಿಯ ಒಂದೇ ಸೈಜಿನ ಎರಡು ಪ್ಯಾಂಟುಗಳೂ ಒಂದೇ ಆಗಿರುವುದಿಲ್ಲ ಎಂಬುದನ್ನೂ ಸಾರ್ವಜನಿಕರು ತಿಳಿದಿರಬೇಕು. ಸೊಂಟಪಟ್ಟಿ 80 ಸೆಂ.ಮೀ. ಇರಬೇಕು, ಒಂದು ಸೆಂಟಿಮೀಟರ್ ಆಚೀಚೆ ಆದರೂ ಪಾಸು ಎಂದು ಆರ್ಡರಿನಲ್ಲಿ ಬರೆದಿದ್ದರೆ 79ರದೂ ಪಾಸು, 81ರದೂ ಪಾಸು. ಜೀನ್ಸನ್ನು ಹೊಲಿದ ಮೇಲೆ ತೊಳೆಯುತ್ತಾರೆ. ಒಂದು ಲಾಟ್ ಬಟ್ಟೆ ಇನ್ನೊಂದಕ್ಕಿಂತ ನೂರಕ್ಕೆ ಎರಡರಷ್ಟು ಹೆಚ್ಚು ಕುಗ್ಗಿದರೆ 1.6 ಸೆಂ.ಮೀ. ಹೋಯಿತು. ಎರಡೂ ಸೇರಿದರೆ 3.6 ಸೆಂ.ಮೀ. ಹೆಚ್ಚುಕಡಿಮೆ ಒಂದು ಸೈಜ್! ಕಡುಬಣ್ಣ ಹೊಡೆಸಿದ ಕಪ್ಪು ಜೀನ್ಸ್ ಅದೇ ಸೈಜಿನ ತಿಳಿ ನೀಲಿ ಜೀನ್ಸಿಗಿಂತ ಬಿಗಿಯೆನಿಸಿದರೆ ಅದಕ್ಕೆ ಬಣ್ಣ ಹೊಡೆಸುವ ಹೆಚ್ಚುವರಿ ಕೆಲಸವೂ ಕಾರಣವಾಗಿರಬಹುದು. ನಾಲ್ಕು ಉದ್ದ ಹೊಲಿಗೆಯಿರುವ ಟಾಪಿನಲ್ಲಿ ಹೊಲಿಯುವವರ ಕೈ ಪ್ರತಿ ಅಂಚಿನಲ್ಲಿ 2 ಮಿ.ಮೀ. ಒಳಗೆ ಸರಿದರೆ ಎಂಟು ಅಂಚು ಸೇರಿ 16 ಮಿ.ಮೀ. ಬಟ್ಟೆ ಒಳಗೆ ಹೋಗುತ್ತದೆ. ಹೆಣಿಗೆ ಬಟ್ಟೆಯನ್ನು ಸುರುಳಿಯಿಂದ ಎಳೆದೆಳೆದು ಹಾಸಿ, ಅದು ತಾನಾಗಿ ಸಡಿಲಗೊಳ್ಳಲು ಬಿಡದೆ ಕತ್ತರಿಸಿದರೆ, ಕತ್ತರಿಸಿದ ತುಂಡುಗಳೇ ಆಮೇಲೆ ಕುಗ್ಗುತ್ತವೆ. ಸಾಮಾನ್ಯವಾಗಿ ಒಂದು ದಿನ ಹಾಗೇ ಬಿಡಬೇಕು. ಗಡುವು ಹತ್ತಿರ ಬಂದಾಗ ಮೊದಲು ಕೈಬಿಡುವುದು ಈ ಒಂದು ದಿನವನ್ನೇ.

ಇವು ಹೊಗಳಿಕೆಯ ಸೈಜಿಂಗ್ ಅಲ್ಲ, ಕೆಲಸದ ಸಹಜ ಏರುಪೇರು. ಆದರೆ ಮಾನವಿಲ್ಲದ ಅಂಕಿಯ ಹಿಂದೆ ಎರಡೂ ಒಂದೇ ಥರ ಕಾಣುತ್ತವೆ. ಪ್ಯಾಂಟು ಬಿಗಿಯಾದದ್ದು ತೊಳೆತದಿಂದಲೋ, ಕೋಷ್ಟಕದಿಂದಲೋ, ನಿಜವಾಗಿ ತಾನು ದಪ್ಪಗಾದದ್ದರಿಂದಲೋ ಎಂದು ಬೇರ್ಪಡಿಸಿ ನೋಡುವ ಆಧಾರವೇ ಕೊಂಡವಳ ಬಳಿ ಇಲ್ಲ.

ಬ್ರಾ ಸೈಜಿನ ಗೊಂದಲವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಯಾಕೆಂದರೆ ಅಲ್ಲಿ ಅಳತೆ ಇದ್ದರೂ ಗೊಂದಲ ಇದೆ. ಬ್ರಾ ಸೈಜಿನಲ್ಲಿ ಅಂಕಿ ಎದೆಯ ಕೆಳಗೆ ಮೈ ಸುತ್ತುವ ಪಟ್ಟಿಯದು, ಅಕ್ಷರ ಕಪ್ಪಿನದು, ಅಂದರೆ ಎದೆ ಕೂರುವ ಬಟ್ಟಲಿನದು. ಈ ಅಕ್ಷರ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. 32ಡಿ, 34ಸಿ, 36ಬಿ ಈ ಮೂರರ ಕಪ್ಪಿನ ಗಾತ್ರ ಒಂದೇ. ಬದಲಾಗುವುದು ಪಟ್ಟಿಯ ಉದ್ದ. ಆದರೂ ಡಿ ಎಂದರೆ ಬಹಳ ದೊಡ್ಡದು, ಎ ಎಂದರೆ ಕೊರತೆ ಎಂಬ ಮಾತು ಹುಡುಗಿಯರ ನಡುವೆ ಬೇರೂರಿದೆ. ಎದೆಯ ಕೆಳಗಿನ ಸುತ್ತಳತೆಗೆ ನಾಲ್ಕೋ ಐದೋ ಇಂಚು ಕೂಡಿಸಿ ಪಟ್ಟಿಯ ಸೈಜ್ ಹೇಳುವ ಹಳೆಯ ಲೆಕ್ಕ ಇನ್ನೂ ಅಂಗಡಿಗಳಲ್ಲಿ ನಡೆಯುತ್ತಿದೆ. ಆಗ ಪಟ್ಟಿ ಬೇಕಾದ್ದಕ್ಕಿಂತ ಉದ್ದ, ಕಪ್ಪು ಬೇಕಾದ್ದಕ್ಕಿಂತ ಚಿಕ್ಕದು ಬರುತ್ತದೆ. ಸಡಿಲ ಪಟ್ಟಿ ಬೆನ್ನಿನ ಮೇಲೆ ಏರುತ್ತದೆ, ಭಾರವೆಲ್ಲ ಭುಜದ ಪಟ್ಟಿಗೆ ಬಿದ್ದು ಭುಜದಲ್ಲಿ ಗೆರೆ ಮೂಡುತ್ತದೆ. ಯುರೋಪಿನ ಪದ್ಧತಿಯಲ್ಲಿ ಪಟ್ಟಿಯ ಅಂಕಿಯೇ ಎದೆಯ ಕೆಳಗಿನ ಸುತ್ತಳತೆ: 70, 75, 80 ಸೆಂ.ಮೀ. ಎದೆಯ ಅಳತೆಯಿಂದ ಅದನ್ನು ಕಳೆದರೆ ಕಪ್ಪು: 12ರಿಂದ 14 ಸೆಂ.ಮೀ. ಎ, 14ರಿಂದ 16 ಬಿ, 16ರಿಂದ 18 ಸಿ. ಅಷ್ಟೇ. ಪೆಟ್ಟಿಗೆಯ ಮೇಲೆ ಎರಡೂ ಸುತ್ತಳತೆಯನ್ನು ಅಚ್ಚು ಹಾಕಿದರೆ ಅಕ್ಷರಕ್ಕೆ ಅಂಟಿದ ನಾಚಿಕೆ, ಹೆಮ್ಮೆ ಎರಡೂ ತಾವಾಗಿ ಕಳಚುತ್ತವೆ.

ನೀವು ಎತ್ತುವ ಆಕ್ಷೇಪಗಳು ನಮಗೆ ಹೊಸವಲ್ಲ. ಸೆಂಟಿಮೀಟರ್ ಬರೆದರೆ ಹೆಂಗಸರು ನೊಂದುಕೊಳ್ಳುತ್ತಾರೆ ಎನ್ನುತ್ತೀರಿ. 104 ಎಂಬ ಅಂಕಿ ಕೂಡ ಕೆಲವರಿಗೆ ಚುಚ್ಚಬಹುದು, ಒಪ್ಪುತ್ತೇವೆ. ಆದರೆ ಆ 104 ಎಲ್ಲ ಅಂಗಡಿಯಲ್ಲೂ 104. ಮನೆಯ ಟೇಪಿನಲ್ಲೂ 104. ನಾಳೆ ಬೇರೆ ಅಂಗಡಿಗೆ ಹೋದಾಗ ಅದು ಅವಳನ್ನು ಮೇಲೆತ್ತುವುದೂ ಇಲ್ಲ, ಕೆಡವುವುದೂ ಇಲ್ಲ. ಪಾದದ ಉದ್ದದ ಬಗ್ಗೆ ಯಾರೂ ರಾತ್ರಿಯಿಡೀ ಕೊರಗುವುದಿಲ್ಲ. ಚಪ್ಪಲಿ ಕಚ್ಚಿದರೆ ಚಪ್ಪಲಿಯನ್ನು ಬದಲಿಸುತ್ತಾರೆ. ಉಡುಪಿನ ಅಳತೆಯೂ ಆ ಮಟ್ಟದ ಸಾದಾ ಸಂಗತಿಯಾಗಬೇಕು.

ಸೆಂಟಿಮೀಟರ್ ಬರೆದವರೂ ಸುಳ್ಳು ಬರೆಯಬಹುದಲ್ಲ ಎಂಬುದು ಇನ್ನೊಂದು ಮಾತು. ಬರೆಯಬಹುದು. 2010ರಲ್ಲಿ ಎಸ್ಕ್ವೈರ್ ಪತ್ರಿಕೆ ಸೊಂಟ 36 ಇಂಚು ಎಂದು ಲೇಬಲ್ ಇದ್ದ ಗಂಡಸರ ಪ್ಯಾಂಟುಗಳನ್ನು ಅಳೆದಾಗ 37ರಿಂದ 41 ಇಂಚಿನವರೆಗೆ ಸಿಕ್ಕವು. ವ್ಯತ್ಯಾಸ ಏನೆಂದರೆ, 36 ಎಂದು ಬರೆದಿದ್ದರಿಂದಲೇ ಒಬ್ಬ ಪತ್ರಕರ್ತ ಒಂದು ಟೇಪಿನಿಂದ ಅದನ್ನು ಬಯಲು ಮಾಡಲು ಸಾಧ್ಯವಾಯಿತು. 12ನೇ ಸೈಜನ್ನು ಯಾವ ಟೇಪಿನಿಂದ ಬಯಲು ಮಾಡುತ್ತೀರಿ? ಬರೆದದ್ದಕ್ಕೆ ಬದ್ಧರಾಗಿರುವಂತೆ ನೋಡಿಕೊಳ್ಳಲು ಮಾದರಿ ತಪಾಸಣೆ ಬೇಕು, ಆ ಕೆಲಸ ಮಾನದಂಡ ಸಂಸ್ಥೆಗಳದು.

ಸೊಂಟ ಎಂದರೆ ಯಾವ ಸೊಂಟ ಎಂಬ ಪ್ರಶ್ನೆ ಮಾತ್ರ ನಿಜವಾಗಿ ತೂಕದ್ದು. ಪಕ್ಕೆಯ ಕೊನೆಯ ಎಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗ ಮೈ ಅಳತೆಯ ಸೊಂಟ. ಲೋ ವೇಸ್ಟ್ ಪ್ಯಾಂಟಿನ ಪಟ್ಟಿ ಅದಕ್ಕಿಂತ ನಾಲ್ಕೆಂಟು ಸೆಂಟಿಮೀಟರ್ ಕೆಳಗೆ, ಮೈ ಅಗಲವಾಗುವ ಜಾಗದಲ್ಲಿ ಕೂರುತ್ತದೆ. 76 ಸೊಂಟದವಳ ಅಂಥ ಪ್ಯಾಂಟಿನ ಪಟ್ಟಿಯನ್ನು ಅಳೆದರೆ 84 ಬರಬಹುದು, ಅದರಲ್ಲಿ ಮೋಸವಿಲ್ಲ. ಅದಕ್ಕೇ ನಾವು ಕೇಳುತ್ತಿರುವುದು ಲೇಬಲ್ ಮೇಲೆ ಮೈ ಅಳತೆ. ಉಡುಪಿನ ಅಳತೆಯನ್ನು ಆನ್‌ಲೈನ್ ಪುಟದಲ್ಲಿ ಬೇರೆಯಾಗಿ, ಇದು ಉಡುಪಿನ ಅಳತೆ ಎಂದು ಹೇಳಿಯೇ ಹಾಕಿ. ಈಗಿನ ಸೈಜ್ ಚಾರ್ಟುಗಳಲ್ಲಿ ಇವೆರಡನ್ನೂ ಕಲಸಿಡುವುದೂ ವಾಪಸಾತಿಗೆ ಒಂದು ಕಾರಣ. ನಂಬಿಕೆ ಇಲ್ಲದೆ ಜನ ಒಂದೇ ಟಾಪನ್ನು ಎಂ ಮತ್ತು ಎಲ್ ಎರಡರಲ್ಲೂ ತರಿಸಿ ಒಂದನ್ನು ಹಿಂದಿರುಗಿಸುತ್ತಾರೆ. ಆ ಹೋಗಿಬರುವ ಖರ್ಚು ನಿಮ್ಮದೇ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಯುರೋಪಿನ ಇಎನ್ 13402 ಮಾನದಂಡದಲ್ಲಿ ಮೈಯ ರೇಖಾಚಿತ್ರದ ಪಕ್ಕದಲ್ಲಿ ಸೆಂಟಿಮೀಟರ್ ಬರೆಯುವ ಲೇಬಲ್ ಮೊದಲೇ ಇದೆ. ಅದರಲ್ಲಿ ಹೆಂಗಸರ ಎದೆ 76ರಿಂದ 104ರವರೆಗೆ ನಾಲ್ಕು ನಾಲ್ಕು, ಅಲ್ಲಿಂದಾಚೆ ಆರಾರು ಸೆಂಟಿಮೀಟರಿನ ಮೆಟ್ಟಿಲಾಗಿ ಏರುತ್ತದೆ. ಯಾವ ಅಳತೆಯನ್ನು ಮೈಯ ಯಾವ ಜಾಗದಲ್ಲಿ ತೆಗೆಯಬೇಕು ಎಂಬುದನ್ನು 2017ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8559 ವಿವರವಾಗಿ ಹೇಳುತ್ತದೆ. ಕೊರತೆ ಇರುವುದು ಇವನ್ನು ಕಡ್ಡಾಯ ಮಾಡುವ ಮನಸ್ಸಿಗೆ. ಮಾನದಂಡ ಸಂಸ್ಥೆಗಳವರೇ, ಲೇಬಲ್ ಮೇಲೆ ನೂಲಿನ ವಿವರ, ತೊಳೆಯುವ ಕ್ರಮ ಬರೆಯುವುದನ್ನು ಕಡ್ಡಾಯ ಮಾಡಿದ ದೇಶಗಳು ಎಷ್ಟೋ ಇವೆ. ಅದೇ ಲೇಬಲ್ ಮೇಲೆ ಮೂರು ಅಂಕಿಗೆ ಜಾಗ ಸಾಲದೆ ಹೋಗುವುದಿಲ್ಲ.

ನಿಯಮ ಬರುವವರೆಗೆ ಕೊಳ್ಳುವವರು ಕೈಕಟ್ಟಿ ಕೂರಬೇಕಿಲ್ಲ. ಮೊದಲು ಟೇಪನ್ನು ಪರೀಕ್ಷಿಸಿ: ಬಟ್ಟೆಯ ಹಳೆಯ ಟೇಪು ಹಿಗ್ಗಿರುತ್ತದೆ, ಉಕ್ಕಿನ ಸ್ಕೇಲಿಗೆ ಹಿಡಿದು ನೋಡಿ, ತಾಳೆಯಾಗದಿದ್ದರೆ ಎಸೆಯಿರಿ. ತೆಳ್ಳನೆಯ ಒಳಉಡುಪಿನ ಮೇಲೆ ಅಳೆಯಿರಿ. ಎದೆಯನ್ನು ಅತಿ ತುಂಬಿದ ಜಾಗದಲ್ಲಿ, ಟೇಪು ಬೆನ್ನಿನಲ್ಲಿ ಕೆಳಗೆ ಜಾರದಂತೆ ನೆಲಕ್ಕೆ ಸಮವಾಗಿ ಹಿಡಿದು ತೆಗೆಯಬೇಕು. ಪಕ್ಕಕ್ಕೆ ಬಾಗಿದಾಗ ಮಡಿಕೆ ಬೀಳುವ ಜಾಗವೇ ಸೊಂಟ. ಹೊಟ್ಟೆ ಎಳೆದುಕೊಳ್ಳದೆ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಿ. ಸೀಟಿಗೆ ಪಾದ ಜೋಡಿಸಿ ನಿಲ್ಲಿ. ಪ್ರತಿಯೊಂದನ್ನೂ ಎರಡು ಸಲ ತೆಗೆಯಿರಿ, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ.

ಇನ್ನು ಉಡುಪನ್ನು ಅಳೆಯುವುದು. ಗುಂಡಿ, ಜಿಪ್ಪು ಹಾಕಿ ಮೇಜಿನ ಮೇಲೆ ಎಳೆಯದೆ ಚಪ್ಪಟೆಯಾಗಿ ಹರಡಿ. ಟಾಪಾದರೆ ಕಂಕುಳಿನ ಹೊಲಿಗೆಯಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಅಡ್ಡಲಾಗಿ ಅಳೆದು ಎರಡರಿಂದ ಗುಣಿಸಿ. ಪ್ಯಾಂಟಾದರೆ ಸೊಂಟಪಟ್ಟಿಯ ಮುಂದಿನ ಮತ್ತು ಹಿಂದಿನ ಅಂಚನ್ನು ಸಮ ಮಾಡಿಕೊಂಡು ಅಳೆದು ಅದನ್ನೂ ಎರಡರಿಂದ ಗುಣಿಸಿ. ಹಿಂದಿನ ಅಂಚು ಮೇಲೆ ಉಳಿದರೆ ಅಳತೆ ತಪ್ಪುತ್ತದೆ. ಹಿಗ್ಗದ ನೇಯ್ಗೆ ಬಟ್ಟೆಯ ಮೈಗೊಪ್ಪುವ ಟಾಪು ಎದೆಯಲ್ಲಿ ಮೈಗಿಂತ 5–6 ಸೆಂ.ಮೀ. ಹೆಚ್ಚಿರಬೇಕು, ಸಡಿಲ ಬೇಕಾದರೆ 8–10. ಹಿಗ್ಗದ ಪ್ಯಾಂಟು ಸೊಂಟದಲ್ಲಿ 1–2, ಸೀಟಿನಲ್ಲಿ 4–6 ಹೆಚ್ಚಿದ್ದರೆ ಕೂತೇಳಲು ಸಲೀಸು. ಹಿಗ್ಗುವ ಹೆಣಿಗೆ ಬಟ್ಟೆ ಮೈ ಅಳತೆಯಷ್ಟೇ ಇರಬಹುದು, ಕಡಿಮೆಯೂ ಇರಬಹುದು. ಮನೆಯಲ್ಲಿ ನಿಮಗೆ ಚೆನ್ನಾಗಿ ಕೂರುವ ಒಂದು ಟಾಪು, ಒಂದು ಪ್ಯಾಂಟನ್ನು ಅಳೆದು ಫೋನಿನಲ್ಲಿ ಬರೆದಿಟ್ಟುಕೊಂಡರೆ, ಆನ್‌ಲೈನಿನಲ್ಲಿ ಲೇಬಲಿನ ಅಕ್ಷರ ನೋಡುವ ಅಗತ್ಯವೇ ಬೀಳುವುದಿಲ್ಲ. ಉಡುಪಿನ ಅಳತೆ ಹಾಕದ ಮಾರಾಟಗಾರರನ್ನು ಕೇಳಿ, ಪ್ರತಿ ಸಲವೂ ಕೇಳಿ.

ಅಂಗಡಿಯ ಸಿಬ್ಬಂದಿಗೆ ತರಬೇತಿ ಕೊಡುವವರಿಗೂ ಒಂದು ಮಾತು. ‘ನಿಮಗೆ ದೊಡ್ಡ ಸೈಜೇ ಬೇಕಾಗುತ್ತದೆ’ ಎನ್ನುವ ಬದಲು ‘ಈ ಕಟಿಂಗ್ ಚಿಕ್ಕದಾಗಿದೆ, ಇದರಲ್ಲಿ ಮುಂದಿನದನ್ನು ಕೊಡುತ್ತೇನೆ’ ಎನ್ನುವುದು ಸೌಜನ್ಯವೂ ಹೌದು, ಸತ್ಯವೂ ಹೌದು.

ಮುಂದಿನ ಸೀಸನ್ನಿನ ಲೇಬಲ್ ಅಚ್ಚಿಗೆ ಹೋಗುವ ಮೊದಲು ತಯಾರಕರು ಈ ಸಾಲನ್ನು ಸೇರಿಸಲಿ ಎಂದು ಕೇಳುತ್ತಿದ್ದೇವೆ: ‘ಮೈ ಅಳತೆ, ಸೆಂ.ಮೀ.: ಎದೆ 92, ಸೊಂಟ 76, ಸೀಟು 100, ಎತ್ತರ 160–168’. ಅಂಕಿಗಳು ಉಡುಪಿಗೆ ತಕ್ಕಂತೆ ಬದಲಾಗಲಿ, ಒಂದು ಬಗೆಯ ಉಡುಪಿಗೆ ಸಾಲಿನ ಕ್ರಮ ಎಲ್ಲ ಕಂಪನಿಗಳಲ್ಲೂ ಒಂದೇ ಇರಲಿ. ಟಾಪಿಗೆ ಎದೆ ಮೊದಲು, ಪ್ಯಾಂಟಿಗೆ ಸೊಂಟ ಮತ್ತು ಸೀಟು ಮೊದಲು. ಎಂ, ಎಲ್ ಬಿಡಲಾಗದಿದ್ದರೆ ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಉಳಿಸಿಕೊಳ್ಳಿ.

ಇತಿ,
ಪ್ಯಾಟರ್ನ್, ಗ್ರೇಡಿಂಗ್ ಮತ್ತು ಗುಣಮಟ್ಟ ತಪಾಸಣೆಯ ಕೆಲಸದವರು